ಇನ್ನೊಬ್ಬರಿಗೆ ಸಿಗದ ನೆರವು ಬೇಡ

ಬೆಂಗಳೂರಿನಿಂದ ಚಳ್ಳಕೆರೆ ತಾಲ್ಲೂಕಿನ ಕುದಾಪುರಕ್ಕೆ ಸುಮಾರು 220 ಕಿ.ಮೀ. ಕಾರಿನವರಿಗೆ ಅದು ಅರ್ಧ ದಿನದ ದಾರಿಯೂ ಅಲ್ಲ. ಹಿಂದೊಂದು ಗಾಡಿ, ಮುಂದೊಬ್ಬ ಸಹಾಯಕ ಇಲ್ಲದೆ ಅಷ್ಟು ದೂರವನ್ನು ಸೈಕಲ್ ತುಳಿದೇ ಮುಗಿಸುವವರು ಈಗ ನಮ್ಮಲ್ಲೂ ಇದ್ದಾರೆ. ಹ್ಯಾಂಡಲ್ಲಿಗೊಂದು, ಸೀಟಿನ ಹಿಂದೊಂದು, ನಡುವಿನ ಚೌಕಟ್ಟಿಗೊಂದು ಚೀಲ ಬಿಗಿದು, ಬಟ್ಟೆ, ಹಾಸಿಗೆ, ಪಂಪು, ಟ್ಯೂಬು, ತಿಂಡಿ ಎಲ್ಲವನ್ನೂ ಅದರಲ್ಲೇ ತುರುಕಿಕೊಂಡು ವಾರಗಟ್ಟಲೆ ತಿರುಗುವವರೂ ಇದ್ದಾರೆ. ಬೈಕ್‌ಪ್ಯಾಕಿಂಗ್ ಎಂದು ಕರೆಸಿಕೊಳ್ಳುವ ಈ ಹವ್ಯಾಸದಲ್ಲಿ ಅತಿ ಕಠಿಣವಾದದ್ದು ಸ್ವಾವಲಂಬಿ ದೂರಯಾನದ ಸವಾಲು. ನೂರಾರು, ಕೆಲವೊಮ್ಮೆ ಸಾವಿರಾರು ಕಿಲೋಮೀಟರ್ ದೂರವನ್ನು ಗೊತ್ತಾದ ಅವಧಿಯೊಳಗೆ, ತನ್ನದೇ ಕಾಲು, ತನ್ನದೇ ಚೀಲ, ತನ್ನದೇ ಜೇಬನ್ನು ನಂಬಿ ಮುಗಿಸಬೇಕು.

ಇಂಥವರ ಬಗ್ಗೆ ಕೇಳಿಬರುವುದು ಎರಡೇ ಬಗೆಯ ಮಾತು. ಒಂದು ಬೆರಗಿನದು: ಎಷ್ಟು ದೂರ, ಎಷ್ಟು ಗಂಟೆ, ಎಷ್ಟು ಕಡಿಮೆ ನಿದ್ದೆ! ಇನ್ನೊಂದು ಮೂದಲಿಕೆಯದು: ಉಂಡದ್ದು ಅರಗದವರಿಗೆ ಇನ್ನೇನು ಕೆಲಸ? ಎರಡೂ ಈ ಸವಾಲಿನ ತಿರುಳನ್ನು ಮುಟ್ಟುವುದಿಲ್ಲ. ತಿರುಳು ಅಡಗಿರುವುದು ಅದರ ಒಂದೇ ಒಂದು ನಿಯಮದಲ್ಲಿ. ಆ ನಿಯಮವನ್ನು ಕುದಾಪುರದಂಥ ನೆಲದಲ್ಲಿ ನಿಂತು ಯೋಚಿಸಿದರೆ ಅದು ಕ್ರೀಡೆಯ ಗೆರೆ ದಾಟಿ ನಮ್ಮ ಸಾರ್ವಜನಿಕ ಬದುಕಿನ ಪ್ರಶ್ನೆಯಾಗುತ್ತದೆ ಎಂಬುದು ನನ್ನ ವಾದ.

ಆ ನಿಯಮ ಏನೆಂದು ಮೊದಲು ನೋಡೋಣ. ಮೈಕ್ ಹಾಲ್ ಎಂಬ ಬ್ರಿಟಿಷ್ ಸವಾರ 2013ರಲ್ಲಿ ಯುರೋಪಿನಲ್ಲಿ ಟ್ರಾನ್ಸ್‌ಕಾಂಟಿನೆಂಟಲ್ ಎಂಬ ಸ್ಪರ್ಧೆ ಶುರುಮಾಡಿದ. ಅಮೆರಿಕ ಖಂಡದಲ್ಲಿ ಟೂರ್ ಡಿವೈಡ್ ಎಂಬುದೊಂದಿದೆ. ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೋ ಗಡಿಯವರೆಗೆ ಬೆಟ್ಟಸಾಲಿನ ಗುಂಟ 4,300 ಕಿ.ಮೀ.ಗೂ ಮಿಕ್ಕಿದ ದಾರಿ ಅದು. ಅದಕ್ಕೆ ಪ್ರವೇಶ ಶುಲ್ಕವೂ ಇಲ್ಲ, ಬಹುಮಾನವೂ ಇಲ್ಲ. ಇಂಥ ಕಡೆಗಳಲ್ಲಿ ಸವಾರ ಅಂಗಡಿಯಲ್ಲಿ ಊಟ ಕೊಳ್ಳಬಹುದು, ಲಾಡ್ಜಿನಲ್ಲಿ ಮಲಗಬಹುದು, ಸಿಕ್ಕ ಸೈಕಲ್ ಅಂಗಡಿಯಲ್ಲಿ ರಿಪೇರಿ ಮಾಡಿಸಬಹುದು. ಆದರೆ ಗೆಳೆಯನೊಬ್ಬ ಮುಂದಿನ ಊರಿನಲ್ಲಿ ಬುತ್ತಿ ಹಿಡಿದು ಕಾಯುವಂತಿಲ್ಲ, ಮನೆಯವರು ಚಕ್ರ ತಂದುಕೊಡುವಂತಿಲ್ಲ, ಇನ್ನೊಬ್ಬನ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಳ್ಳುವಂತಿಲ್ಲ. ಒಟ್ಟು ಸಾರ ಇಷ್ಟು: ಈ ದಾರಿಯಲ್ಲಿ ಬರುವ ಯಾರಿಗೆ ಬೇಕಾದರೂ ಸಿಗುವಂಥದ್ದನ್ನು ಪಡೆಯಬಹುದು, ತನಗೆಂದೇ ಏರ್ಪಾಡಾದ ನೆರವನ್ನು ಪಡೆಯಬಾರದು. ಇದನ್ನು ಹೆಜ್ಜೆಹೆಜ್ಜೆಗೂ ನೋಡಲು ಅಂಪೈರ್ ಇರುವುದಿಲ್ಲ. ಪಾಲಿಸಿದೆನೋ ಇಲ್ಲವೋ ಎಂಬುದು ಸವಾರನ ಮನಸ್ಸಿಗೇ ಗೊತ್ತು.

ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವುದು ಫ್ರಾನ್ಸಿನ ಆಡಾಕ್ಸ್ ಕ್ಲಬ್ ಪ್ಯಾರಿಸಿಯನ್ ರೂಪಿಸಿದ ಬ್ರೆವೆ ಎಂಬ ಪದ್ಧತಿ. ಬೆಂಗಳೂರಿನಿಂದಲೂ ಇಂಥ ಬ್ರೆವೆಗಳು ಹೊರಡುತ್ತವೆ. 200 ಕಿ.ಮೀ.ಗೆ ಹದಿಮೂರೂವರೆ ಗಂಟೆ, 600ಕ್ಕೆ 40 ಗಂಟೆ, 1,200ಕ್ಕೆ 90 ಗಂಟೆ ಗಡುವು. 1891ರಲ್ಲಿ ಮೊದಲು ನಡೆದು, ಈಗ ನಾಲ್ಕು ವರ್ಷಕ್ಕೊಮ್ಮೆ ನಡೆಯುವ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ಯಾನಕ್ಕೂ ಇದೇ 90 ಗಂಟೆಯ ಮಿತಿ. ಇಲ್ಲಿ ಗೆದ್ದವರು, ಸೋತವರು ಎಂಬ ಪಟ್ಟಿಯಿಲ್ಲ, ಗಡುವಿನೊಳಗೆ ಮುಗಿಸಿದವರೆಲ್ಲರೂ ಸಮ. ಲೆಕ್ಕ ಹಾಕಿ ನೋಡಿ: 200ಕ್ಕೆ ಹದಿಮೂರೂವರೆ ಗಂಟೆ ಎಂದರೆ ನಿಂತದ್ದು, ತಿಂದದ್ದು ಎಲ್ಲ ಸೇರಿ ಗಂಟೆಗೆ 15 ಕಿ.ಮೀ. ಹಾಲಿನ ಕ್ಯಾನು ಕಟ್ಟಿಕೊಂಡು ಡೇರಿಗೆ ಹೊರಟವನ ವೇಗವೂ ಹೆಚ್ಚುಕಡಿಮೆ ಅದೇ. ವೇಗ ಇಲ್ಲಿ ದೊಡ್ಡ ಮಾತಲ್ಲ. ದೊಡ್ಡದು, ಯಾರನ್ನೂ ತನ್ನ ಆಳಾಗಿಸಿಕೊಳ್ಳದೆ ಅಷ್ಟು ದೂರ ಹೋಗುವುದು.

ನಮ್ಮ ಸಮಾಜದಲ್ಲಿ ದೊಡ್ಡವನಾಗುವುದು ಎಂದರೆ ತನಗಾಗಿ ಓಡಾಡುವವರ ಸಂಖ್ಯೆ ಹೆಚ್ಚಿಸಿಕೊಳ್ಳುವುದು ಎಂದೇ ಆಗಿಬಿಟ್ಟಿದೆ. ಬಾಗಿಲು ತೆರೆಯುವವನೊಬ್ಬ, ಚೀಲ ಹಿಡಿಯುವವನೊಬ್ಬ, ಸರತಿ ತಪ್ಪಿಸಿ ಒಳಗೆ ಬಿಡುವವನೊಬ್ಬ. ದೇವರ ದರ್ಶನಕ್ಕೂ ವಿಶೇಷ ಸಾಲು. ಇಂಥ ಕಡೆ, ದುಡ್ಡಿದ್ದೂ ತಾಕತ್ತಿದ್ದೂ ಒಬ್ಬ ಮನುಷ್ಯ ಕೆಲವು ದಿನಗಳ ಮಟ್ಟಿಗೆ ‘ನನಗೆಂದೇ ಬೇರೆ ಏರ್ಪಾಡು ಬೇಡ’ ಎಂದು ಹೊರಡುವುದಕ್ಕೆ ಒಂದು ಅರ್ಥವಿದೆ. ದೇಹ ಎಷ್ಟು ದಣಿಯಿತು ಎಂಬುದಕ್ಕಿಂತ ಈ ಬೇಡ ಎಂಬ ಮಾತಿಗೆ ಹೆಚ್ಚು ಬೆಲೆ.

ಕುದಾಪುರದ ಸೀಮೆಗೆ ಈ ವಿಚಾರ ಹೊಸದಲ್ಲ. ಪಕ್ಕದ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕನ ಕಿರು ಬಂಡೆಶಾಸನಗಳಿವೆ. ಬಿ.ಎಲ್. ರೈಸ್ ಅವುಗಳನ್ನು 1892ರಲ್ಲಿ ಬೆಳಕಿಗೆ ತಂದರು. ಪ್ರಯತ್ನದ ಫಲ ದೊಡ್ಡವರಿಗಷ್ಟೇ ಮೀಸಲಲ್ಲ, ಸಣ್ಣವನೂ ಪಟ್ಟು ಹಿಡಿದರೆ ಅದನ್ನು ಪಡೆಯಬಲ್ಲ ಎಂಬುದು ಅವುಗಳ ಮುಖ್ಯ ಆಶಯ. ಈ ಘೋಷಣೆಯನ್ನು ಅರಸ ಹೊರಡಿಸಿದ್ದು 256 ರಾತ್ರಿಗಳನ್ನು ಪ್ರವಾಸದಲ್ಲಿ ಕಳೆದ ಮೇಲೆ ಎಂದು ವಿದ್ವಾಂಸರು ಓದುತ್ತಾರೆ. ಬರೆದ ಲಿಪಿಕಾರ ಚಪಡ ತನ್ನ ವೃತ್ತಿಯ ಹೆಸರನ್ನು ಬ್ರಾಹ್ಮಿಯಲ್ಲಿ ಬರೆಯದೆ ಖರೋಷ್ಠಿಯಲ್ಲಿ ಬರೆದ. ಖರೋಷ್ಠಿ ಗಾಂಧಾರದ ಕಡೆಯ ಲಿಪಿ. ಎಲ್ಲಿಯ ಗಾಂಧಾರ, ಎಲ್ಲಿಯ ಮೊಳಕಾಲ್ಮುರು! ದೂರದ ದಾರಿ ಸವೆಸಿ ಬಂದವನೊಬ್ಬನ ಕೈಗುರುತು ಇಲ್ಲಿನ ಬಂಡೆಯ ಮೇಲೆ ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಉಳಿದಿದೆ. ಆ ಬಂಡೆ ಹೇಳುವುದೂ ಪ್ರಯತ್ನಕ್ಕೆ ಮೇಲುಕೀಳಿಲ್ಲ ಎಂಬುದನ್ನೇ. ಕುದಾಪುರಕ್ಕೆ ಹತ್ತಿರದ ನಾಯಕನಹಟ್ಟಿಯಲ್ಲಿ ಕೆರೆಗಳನ್ನು ಕಟ್ಟಿಸಿದರೆಂದು ಜನ ನೆನೆಯುವ ತಿಪ್ಪೇರುದ್ರಸ್ವಾಮಿಯ ಹೆಸರಿನೊಂದಿಗೂ ‘ಮಾಡಿದಷ್ಟು ನೀಡು ಭಿಕ್ಷೆ’ ಎಂಬ ಮಾತು ಸೇರಿಕೊಂಡಿದೆ. ದುಡಿಮೆಗೆ ತಕ್ಕದ್ದು ಬರಲಿ, ಅದಕ್ಕಿಂತ ಹೆಚ್ಚಿನದು ಬೇಡ ಎಂಬ ಈ ಅಳತೆ ಸ್ವಾವಲಂಬಿ ಸವಾರನ ಅಳತೆಗೆ ತೀರಾ ದೂರದ್ದಲ್ಲ.

ಇನ್ನು ಈ ಸೀಮೆಯಲ್ಲಿ ಸೈಕಲ್ ತುಳಿಯುವ ಕಷ್ಟದ ಬಗ್ಗೆ. ಕರ್ನಾಟಕದ ಅತಿ ಕಡಿಮೆ ಮಳೆಯ ತಾಲ್ಲೂಕುಗಳ ಸಾಲಿನಲ್ಲಿ ಚಳ್ಳಕೆರೆ, ಮೊಳಕಾಲ್ಮುರು ಎರಡೂ ಬರುತ್ತವೆ. ಬೇಸಿಗೆಯಲ್ಲಿ ಹತ್ತು ಗಂಟೆ ಹೊಡೆಯುವಷ್ಟರಲ್ಲಿ ಟಾರು ಕಾದು ಮುಖಕ್ಕೆ ರಾಚುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಮಳೆಗಿಂತ ಗಾಳಿಯೇ ಜೋರು. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ಮನೆ ನಿಲ್ಲಿಸಿಲ್ಲ. ಚಳ್ಳಕೆರೆಯಿಂದ ದುರ್ಗದ ಕಡೆ ಆಷಾಢದಲ್ಲಿ ಹೊರಟವನಿಗೆ ಸಪಾಟು ರಸ್ತೆಯೂ ಏರಿನಂತೆಯೇ ಕಾಡುತ್ತದೆ. ನೀರು ಕುಡಿದರಷ್ಟೇ ಸಾಲದು, ಬೆವರಿನಲ್ಲಿ ಹೋದ ಉಪ್ಪೂ ಮೈಗೆ ಮರಳಬೇಕು. ಬರಿ ನೀರನ್ನೇ ಲೀಟರುಗಟ್ಟಲೆ ಕುಡಿದರೆ ರಕ್ತದ ಸೋಡಿಯಂ ತೆಳುವಾಗಿ ತಲೆಸುತ್ತು, ವಾಂತಿ, ಗೊಂದಲ ಶುರುವಾಗುತ್ತವೆ. ಉಪ್ಪು ಹಾಕಿದ ಮಜ್ಜಿಗೆಯೋ ಓಆರ್‌ಎಸ್ ಪೊಟ್ಟಣವೋ ಇದ್ದರೆ ಬಚಾವು.

ಎಲ್ಲಕ್ಕಿಂತ ಚಿಕ್ಕ ಶತ್ರು ಬಳ್ಳಾರಿ ಜಾಲಿಯ ಮುಳ್ಳು. ರಸ್ತೆ ಬದಿಯ ಮಣ್ಣಿಗೆ ಚಕ್ರ ಇಳಿಸಿದರೆ ಸಾಕು, ಚುಚ್ಚಿಕೊಂಡಿರುತ್ತದೆ. ಚಕ್ರ ಬಿಚ್ಚಿ, ಟೈರಿನ ಒಂದು ಅಂಚನ್ನು ರಿಮ್ಮಿನಿಂದ ಎತ್ತಿ, ಟ್ಯೂಬು ಹೊರಗೆಳೆದು, ಗಾಳಿ ಹೊಡೆದು ಕೆನ್ನೆಯ ಹತ್ತಿರ ಹಿಡಿದರೆ ತೂತು ಎಲ್ಲಿದೆಯೆಂದು ತಿಳಿಯುತ್ತದೆ. ಅಲ್ಲಿ ಉಜ್ಜುಕಾಗದ ತಿಕ್ಕಿ, ಸಲ್ಯೂಷನ್ ಹಚ್ಚಿ, ಅದು ಒಣಗುವವರೆಗೆ ತಾಳಿ, ಪ್ಯಾಚ್ ಒತ್ತಬೇಕು. ಆತುರಗಾರ ಇಲ್ಲಿಗೇ ಕೆಲಸ ಮುಗಿಯಿತೆಂದು ಟ್ಯೂಬು ಒಳಗೆ ಸೇರಿಸಿ ಹೊರಡುತ್ತಾನೆ. ಮುರಿದ ಮುಳ್ಳಿನ ಮೊನೆ ಟೈರಿನಲ್ಲೇ ಉಳಿದಿರುತ್ತದೆ. ಎರಡು ಕಿಲೋಮೀಟರ್ ಹೋಗುವಷ್ಟರಲ್ಲಿ ಚಕ್ರ ಮತ್ತೆ ಕುಸಿಯುತ್ತದೆ. ಬಲ್ಲವನು ಟೈರಿನ ಒಳಮೈಯನ್ನು ಬೆರಳ ತುದಿಯಿಂದ ಸುತ್ತಲೂ ಸವರಿ, ತಡೆದ ಕಡೆ ನಿಲ್ಲಿಸಿ, ಮೊನೆಯನ್ನು ಉಗುರಿನಿಂದಲೋ ಇಕ್ಕಳದಿಂದಲೋ ಕಿತ್ತ ಮೇಲೆಯೇ ಗಾಳಿ ಹೊಡೆಯುತ್ತಾನೆ. ಸ್ವಾವಲಂಬನೆಯ ಬಹುಪಾಲು ಕೆಲಸ ಹೀಗೆ ನಿಧಾನದ್ದು, ಸಪ್ಪೆಯದು. ಅದರ ಫೋಟೊ ತೆಗೆದು ಯಾರಿಗೂ ತೋರಿಸಲಾಗುವುದಿಲ್ಲ.

ತೋರಿಸಲು ಸುಲಭವಾದದ್ದು ನಿದ್ದೆಗೇಡು. ಎರಡು ರಾತ್ರಿ ಕಣ್ಣು ಮುಚ್ಚಲಿಲ್ಲ ಎಂದರೆ ಚಪ್ಪಾಳೆ ಬೀಳುತ್ತದೆ. ಇಲ್ಲಿ ನಾನು ಈ ಸವಾಲಿನ ಅಭಿಮಾನಿಗಳಿಂದ ದೂರ ನಿಲ್ಲುತ್ತೇನೆ. ನಿದ್ದೆಗೆಟ್ಟವನ ತೂಕಡಿಕೆ ಕುಡಿದವನ ಅಮಲಿಗಿಂತ ಕಡಿಮೆ ಅಪಾಯದ್ದಲ್ಲ. ಅವನು ಬಿದ್ದರೆ ನೋವು ಅವನೊಬ್ಬನದೇ ಆಗಿ ಉಳಿಯುವುದಿಲ್ಲ. ಗಕ್ಕನೆ ಬ್ರೇಕು ಒತ್ತಿದ ಲಾರಿ ಡ್ರೈವರ್, ಹಿಂದಿನ ಬೈಕಿನವನು, ಆಂಬುಲೆನ್ಸ್ ಕರೆಸಿದ ಹಳ್ಳಿಯವರು ಎಲ್ಲರೂ ಅದರ ಪಾಲುದಾರರಾಗುತ್ತಾರೆ. ಸ್ಪರ್ಧೆಗೆ ರೂಪ ಕೊಟ್ಟ ಮೈಕ್ ಹಾಲ್ ತಾನೇ 2017ರ ಮಾರ್ಚ್ 31ರ ಬೆಳಗಿನ ಜಾವ, ಆಸ್ಟ್ರೇಲಿಯಾ ಖಂಡವನ್ನು ಅಡ್ಡ ಹಾಯುವ ಓಟದ ಕೊನೆಯ ಹಂತದಲ್ಲಿ, ಕ್ಯಾನ್‌ಬೆರಾ ಬಳಿ ಕಾರು ಬಡಿದು ತೀರಿಕೊಂಡ. ಆ ಸಾವಿಗೆ ನಿದ್ದೆಯೇ ಕಾರಣ ಎಂದು ನಾನು ಹೇಳುತ್ತಿಲ್ಲ. ಎಷ್ಟೇ ಪಳಗಿದವನಾದರೂ ಕತ್ತಲ ಹೆದ್ದಾರಿಯಲ್ಲಿ ಅವನ ಜೀವ ಇನ್ನೊಬ್ಬರ ಕೈಯಲ್ಲಿರುತ್ತದೆ ಎಂಬುದಷ್ಟೇ ನನ್ನ ಮಾತು. ಇನ್ನೊಬ್ಬರಿಗೆ ಹೊರೆಯಾಗಬಾರದೆಂಬ ನಿಯಮ ಒಪ್ಪಿ ಹೊರಟವನು ಮಲಗಬೇಕಾದಾಗ ಮಲಗಲೇಬೇಕು. ಗಡುವು ತಪ್ಪಿದರೆ ತಪ್ಪಲಿ.

ಇದಕ್ಕೆ ಎದುರಾಗಿ ನೆನಪಾಗುವವರು ಬೊಂಬಾಯಿಯ ಆರು ಮಂದಿ ಪಾರ್ಸಿ ತರುಣರು. 1923ರ ಅಕ್ಟೋಬರಿನಲ್ಲಿ ಸೈಕಲ್ಲೇರಿ ಲೋಕ ಸುತ್ತಲು ಹೊರಟರು. ದಾರಿಯಲ್ಲಿ ಮೂವರು ಬಿಟ್ಟರು. ಆದಿ ಹಕೀಮ್, ಜಾಲ್ ಬಾಪಾಸೋಲಾ, ರುಸ್ತುಮ್ ಭೂಮ್‌ಗರಾ ಎಂಬ ಉಳಿದ ಮೂವರು 1928ರ ಮಾರ್ಚಿನಲ್ಲಿ ಸುಮಾರು 71,000 ಕಿ.ಮೀ. ಮುಗಿಸಿ ಮರಳಿದರು. ನಾಲ್ಕೂವರೆ ವರ್ಷ! ಅವರ ಹಿಂದೆ ಗಡಿಯಾರ ಹಿಡಿದು ನಿಂತವರು ಯಾರೂ ಇರಲಿಲ್ಲ. ಸವಾಲಿನ ತೂಕ ಹೆಚ್ಚುವುದು ಗಂಟೆ ಕಡಿಮೆಯಾದಷ್ಟೂ ಎಂಬ ನಂಬಿಕೆ ಈಚಿನದು, ಅದೂ ಅರೆಬೆಂದದ್ದು.

ಈಗ ನೆಲದ ವಿಚಾರಕ್ಕೆ ಬರೋಣ. ಸ್ವಾವಲಂಬಿ ದೂರಪ್ರಯಾಣ ಈ ತಾಲ್ಲೂಕುಗಳಲ್ಲಿ ಹವ್ಯಾಸವಾಗುವ ಮೊದಲು ಹೊಟ್ಟೆಪಾಡಾಗಿತ್ತು, ಇಂದಿಗೂ ಆಗಿದೆ. ಮಳೆ ಕೈಕೊಟ್ಟ ವರ್ಷ ಕುರಿಗಾರರು ಹಿಂಡು ಹೊಡೆದುಕೊಂಡು ನೀರಾವರಿ ಸೀಮೆಯ ಕಡೆ ಹೊರಡುತ್ತಾರೆ. ಹೆಗಲ ಮೇಲೊಂದು ಕಂಬಳಿ. ರಾತ್ರಿ ಹಾಸಿಗೆ, ಚಳಿಗೆ ಹೊದಿಕೆ, ಮಳೆಗೆ ಕೊಪ್ಪೆ ಎಲ್ಲ ಅದೇ. ಚಳ್ಳಕೆರೆಯ ಕಂಬಳಿ ನೇಯ್ಗೆಗೆ ಹೆಸರಿರುವುದು ಇದೇ ಕುರಿಗಳ ಉಣ್ಣೆಯಿಂದ. ಆಗಷ್ಟೇ ಹುಟ್ಟಿದ ಮರಿಗಳನ್ನೂ ಪಾತ್ರೆಪಡಗವನ್ನೂ ಕುದುರೆಯ ಮೇಲೋ ಕತ್ತೆಯ ಮೇಲೋ ಹೇರಿರುತ್ತಾರೆ. ಕಟಾವು ಮುಗಿದ ಹೊಲದಲ್ಲಿ ರಾತ್ರಿ ಕುರಿ ಮಂದೆ ನಿಲ್ಲಿಸಿದರೆ ಹಿಕ್ಕೆ, ಗಂಜಲದಿಂದ ಹೊಲಕ್ಕೆ ಗೊಬ್ಬರ. ಪ್ರತಿಯಾಗಿ ಹೊಲದವರಿಂದ ಕಾಳೋ ಕಾಸೋ. ಯಾರ ಹಂಗೂ ಇಲ್ಲ, ಯಾರಿಗೂ ಹೊರೆಯಿಲ್ಲ. ಮ್ಯಾಸಬೇಡರ ದೇವರ ಎತ್ತುಗಳನ್ನು ಕಾಯುವ ಕಿಲಾರಿಗಳೂ ಮೇವು ತೀರಿದ ಕಾಲಕ್ಕೆ ಹಿಂಡಿನ ಹಿಂದೆ ಹೀಗೆಯೇ ಅಡವಿಯಲ್ಲಿ ದಿನಗಟ್ಟಲೆ ಕಳೆದವರು. ಇವರ ಮುಂದೆ ನಮ್ಮ ಚೀಲ ಕಟ್ಟಿದ ಸೈಕಲ್ಲಿನ ಸವಾಲು ಇನ್ನೂ ಅಂಬೆಗಾಲಿಡುವ ವಿದ್ಯೆ.

ಇವರ ಸ್ವಾವಲಂಬನೆ ಒಂಟಿತನದಿಂದ ಬಂದದ್ದಲ್ಲ ಎಂಬುದನ್ನು ಗಮನಿಸಬೇಕು. ಅದು ನಿಂತದ್ದು ಕಾವಲುಗಳ ಮೇಲೆ. ಮೈಸೂರು ಅರಸರ ದನಗಳ ಇಲಾಖೆಯಾದ ಬೆಣ್ಣೆ ಚಾವಡಿ ಟಿಪ್ಪುವಿನ ಕಾಲಕ್ಕೆ ಅಮೃತಮಹಲ್ ಎಂಬ ಹೆಸರು ಪಡೆಯಿತು. ಅದರ ದನಗಳಿಗಾಗಿ ಬಯಲುಸೀಮೆಯ ಉದ್ದಕ್ಕೂ ಹುಲ್ಲುಗಾವಲುಗಳನ್ನು ಕಾಯ್ದಿರಿಸಲಾಗಿತ್ತು. ದನಗಳು ಬೇಸಿಗೆಗೊಂದು, ಮಳೆಗೊಂದು, ಚಳಿಗೊಂದು ಕಾವಲಿಗೆ ಹೋಗಿಬರುತ್ತಿದ್ದವು. ಹೈದರಾಲಿಯ ಸೇನೆ ಚಿದಂಬರದ ನೆರವಿಗೆ ಎರಡೂವರೆ ದಿನಗಳಲ್ಲಿ 100 ಮೈಲಿ ಧಾವಿಸಿದ್ದು ಈ ಎತ್ತುಗಳ ಬಲದಿಂದ ಎಂದು ಬ್ರಿಟಿಷರ ಕಾಲದ ಬರಹಗಳು ಕೊಂಡಾಡುತ್ತವೆ. ಎತ್ತಿನ ತಾಕತ್ತು ಕಾವಲಿನ ಹುಲ್ಲಿನದು. ಅರಸೊತ್ತಿಗೆ ಹೋದ ಮೇಲೆ ಸುತ್ತಲ ಹಳ್ಳಿಗಳ ದನ, ಕುರಿ, ಮೇಕೆಗೂ ಆ ಹುಲ್ಲೇ ಆಸರೆಯಾಯಿತು. ಕೃಷ್ಣಮೃಗಗಳಿಗೂ ಅದೇ ನೆಲೆ.

ಕುದಾಪುರ, ವರವು, ಉಳ್ಳಾರ್ತಿ ಸುತ್ತಿನ ಇಂಥ ಕಾವಲುಗಳಲ್ಲಿ ಸುಮಾರು 10,000 ಎಕರೆಯನ್ನು 2000ದ ದಶಕದ ಕೊನೆಯ ಹೊತ್ತಿಗೆ ಸರ್ಕಾರ ವಿಜ್ಞಾನ, ರಕ್ಷಣಾ ಸಂಸ್ಥೆಗಳಿಗೂ ಇತರ ಯೋಜನೆಗಳಿಗೂ ಹಂಚಲು ತೊಡಗಿತು. ಡಿಆರ್‌ಡಿಒಗೆ 4,000 ಎಕರೆಗೂ ಮಿಕ್ಕಿ, ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,800ರಷ್ಟು, ಭಾರತೀಯ ವಿಜ್ಞಾನ ಸಂಸ್ಥೆಗೆ 1,500, ಇಸ್ರೋಗೆ 570ರಷ್ಟು. ಈ ಹಂಚಿಕೆಯ ವಿರುದ್ಧದ ಪ್ರಕರಣ 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಮುಂದೆ ಬಂತು. 2014ರ ತೀರ್ಪಿನ ನಂತರ ಷರತ್ತುಗಳೊಡನೆ ಯೋಜನೆಗಳು ಮುಂದುವರಿದವು. ಇಲ್ಲಿನ ವೈಮಾನಿಕ ಪರೀಕ್ಷಾ ವಲಯ 2017ರಲ್ಲಿ ಉದ್ಘಾಟನೆಯಾಯಿತು. ಮರುಬಳಕೆಯ ಉಡಾವಣಾ ವಾಹನವನ್ನು ಹೆಲಿಕಾಪ್ಟರಿನಿಂದ ಬಿಟ್ಟು ತಾನೇ ಇಳಿಯುವಂತೆ ಮಾಡುವ ಪರೀಕ್ಷೆಯನ್ನು ಇಸ್ರೋ 2023ರ ಏಪ್ರಿಲ್ 2ರಂದು ಇಲ್ಲಿನ ರನ್‌ವೇಯಲ್ಲೇ ಗೆದ್ದಿತು. 2024ರಲ್ಲಿ ಮತ್ತೆರಡು ಬಾರಿ. ಚಂದ್ರಯಾನದ ಪರೀಕ್ಷೆಗೆ ಚಂದ್ರನ ಕುಳಿಗಳ ಮಾದರಿ ತೋಡಿದ್ದೂ ಉಳ್ಳಾರ್ತಿಯ ನೆಲದಲ್ಲೇ. ಇದನ್ನೆಲ್ಲ ಬೇಡವೆನ್ನುವಷ್ಟು ನಾನು ವಿಜ್ಞಾನದ್ವೇಷಿಯಲ್ಲ. ಆದರೆ ಎಲ್ಲರೂ ತುಳಿದ ಬಯಲಿಗೆ ಗೋಡೆ ಬಂತು, ಹಿಂಡು ಹಾಯುತ್ತಿದ್ದ ದಾರಿ ತುಂಡಾಯಿತು ಎಂಬುದೂ ಅಷ್ಟೇ ನಿಜ. ಯಾರ ಬಳಿಯೂ ಕೈಚಾಚದೆ ಬದುಕುತ್ತಿದ್ದ ಕುರಿಗಾರ, ಹುಲ್ಲಿಲ್ಲದೆ ಮಂದೆ ಮಾರಿಕೊಂಡ ಮೇಲೆ ಸರ್ಕಾರದ ಫಲಾನುಭವಿ ಪಟ್ಟಿಯಲ್ಲಿ ಹೆಸರು ಹುಡುಕಬೇಕಾಗುತ್ತದೆ. ಸ್ವಾವಲಂಬನೆ ವ್ಯಕ್ತಿಯ ಗುಣ ಮಾತ್ರವೇ ಆಗಿದ್ದರೆ ಹೀಗಾಗಬಾರದಿತ್ತು. ಅದು ಎಲ್ಲರಿಗೂ ಸೇರಿದ ನೆಲ, ನೀರು, ದಾರಿಗಳ ಗುಣವೂ ಹೌದು.

ಸೈಕಲ್ ಸವಾರನಿಗೂ ಇದೇ ಮಾತು ಅನ್ವಯಿಸುತ್ತದೆ. ಅವನ ನಿಯಮ ‘ಯಾರಿಗೆ ಬೇಕಾದರೂ ಸಿಗುವಂಥದ್ದು’ ಎನ್ನುತ್ತದೆ. ಹಾಗಾದರೆ ದಾರಿಯಲ್ಲಿ ಯಾರಿಗೆ ಬೇಕಾದರೂ ಏನು ಸಿಗುತ್ತದೆ? ಒಂದು ಕಾಲಕ್ಕೆ ನಡೆಯುವವರಿಗೆಂದು ಸಾಲುಮರ, ಅರವಟ್ಟಿಗೆ, ಛತ್ರ, ತಲೆಹೊರೆ ಇಳಿಸಲು ಎದೆಯೆತ್ತರದ ಕಲ್ಲುಗಳಿದ್ದವು. ಇಂದು ಹೆದ್ದಾರಿ ಅಗಲವಾದಷ್ಟೂ ಮರ ಕಡಿಮೆ. ನಡೆಯುವವನಿಗೂ ತುಳಿಯುವವನಿಗೂ ಜಾಗ ಉಳಿಯುವುದು ಬಿಳಿ ಗೆರೆಯಾಚೆಯ ಮೊಳದಗಲದ ಅಂಚು. ಅದರಲ್ಲೂ ಜಲ್ಲಿ, ಒಡೆದ ಗಾಜು, ಎದುರಿನಿಂದ ಬರುವ ಟ್ರ್ಯಾಕ್ಟರು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರುಗಳ ಜೊತೆಗೆ ಎಂಜಿನ್ ಇಲ್ಲದ ಗಾಡಿಗಳನ್ನೂ ನಿಷೇಧಿಸಲಾಯಿತು. ಸುರಕ್ಷತೆಯ ಕಾರಣ ಒಪ್ಪತಕ್ಕದ್ದೇ. ಹೊರಹಾಕಿದವರಿಗೆ ಅಷ್ಟೇ ಚೆನ್ನಾದ, ನೆಟ್ಟಗಿನ, ಬೆಳಕಿರುವ ಸರ್ವಿಸ್ ರಸ್ತೆ ಕೊಟ್ಟಿದ್ದೇವೆಯೇ ಎಂದು ಮಾತ್ರ ಕೇಳಲೇಬೇಕಾಗುತ್ತದೆ. ಚಳ್ಳಕೆರೆಯ ಮೇಲೆ ಬಳ್ಳಾರಿಗೆ ಹೋಗುವ ರಾಷ್ಟ್ರೀಯ ಹೆದ್ದಾರಿ 150ಎ ಕೂಡ ಇದೇ ಪ್ರಶ್ನೆಗೆ ಉತ್ತರ ಕೊಡಬೇಕು.

ಎರಡು ಆಕ್ಷೇಪಗಳಿವೆ, ಎರಡೂ ಬಲವಾದವೇ. ಮೊದಲನೆಯದು: ಲಕ್ಷಕ್ಕೂ ಮೀರಿದ ಸೈಕಲ್, ಕೈಯಲ್ಲಿ ಜಿಪಿಎಸ್, ಜೇಬಿನಲ್ಲಿ ಕಾರ್ಡು ಇಟ್ಟುಕೊಂಡು ಬಡವನ ಪ್ರಯಾಣದ ನಾಟಕವಾಡುವುದು ಯಾವ ಸ್ವಾವಲಂಬನೆ? ಸುಸ್ತಾದರೆ ಫೋನು ಮಾಡಿ ಕಾರು ತರಿಸಿಕೊಳ್ಳಬಲ್ಲವನಿಗೂ ಸುಸ್ತಾದರೂ ನಡೆಯಲೇಬೇಕಾದವನಿಗೂ ಹೋಲಿಕೆ ಎಲ್ಲಿ? ಹೋಲಿಕೆ ಇಲ್ಲ, ನಿಜ. ಕಷ್ಟವನ್ನು ಆರಿಸಿಕೊಂಡವನು ಕಷ್ಟಕ್ಕೆ ಸಿಕ್ಕವನ ಹೆಗಲಿಗೆ ಹೆಗಲು ಕೊಟ್ಟೆನೆಂದು ಹೇಳಿಕೊಳ್ಳಬಾರದು. ಆದರೆ ಆರಿಸಿಕೊಂಡದ್ದೆಂಬ ಕಾರಣಕ್ಕೇ ಅದು ಪೊಳ್ಳಾಗುವುದೂ ಇಲ್ಲ. ಕಾರಿನ ಗಾಜಿನಿಂದ ಕಾಣದ ರಸ್ತೆ ಸೈಕಲ್ಲಿನಿಂದ ಕಾಣುತ್ತದೆ. ಕೊಳಾಯಿ ಎಲ್ಲಿ ಒಣಗಿದೆ, ನೆರಳು ಎಷ್ಟು ದೂರಕ್ಕೊಮ್ಮೆ ಸಿಗುತ್ತದೆ, ಶುದ್ಧ ನೀರಿನ ಘಟಕ ಯಾವ ಊರಿನಲ್ಲಿ ಕೆಟ್ಟು ನಿಂತಿದೆ ಎಂಬುದು ಬಾಯಾರಿದವನಿಗೆ ಮಾತ್ರ ಗೊತ್ತಾಗುವ ಸಂಗತಿ. ಅಂತರ್ಜಲದಲ್ಲಿ ಫ್ಲೋರೈಡ್ ಇರುವ ಈ ಜಿಲ್ಲೆಯಲ್ಲಿ ಅಂಥದ್ದೊಂದು ಘಟಕ ಕೆಟ್ಟರೆ ಸವಾರನಿಗೆ ಅರ್ಧ ಗಂಟೆಯ ಪೇಚು, ಆ ಊರಿನ ಮಕ್ಕಳಿಗೆ ಹಲ್ಲು, ಮೂಳೆಗಳ ಪ್ರಶ್ನೆ. ಅದನ್ನು ಕಂಡೂ ಬರಿ ತನ್ನ ಕಿಲೋಮೀಟರ್ ಎಣಿಸಿಕೊಂಡು ಮರಳಿದರೆ ಮೂದಲಿಸುವವರ ಮಾತೇ ಗೆಲ್ಲುತ್ತದೆ.

ಎರಡನೆಯ ಆಕ್ಷೇಪ ಆತಿಥ್ಯದ್ದು. ಹಟ್ಟಿಯ ಮುಂದೆ ಸೈಕಲ್ ನಿಲ್ಲಿಸಿದರೆ ಅಜ್ಜಿಯೊಬ್ಬರು ‘ಬಿಸಿಲಾಗೆ ಎತ್ತಗೆ ಹೊಂಟೀಯಪ್ಪ, ಒಸಿ ಕುಂತ್ಕಂಡು ಮಜ್ಜಿಗೆ ಕುಡಿ’ ಎನ್ನುತ್ತಾರೆ. ನಿಯಮದ ಹೆಸರಿನಲ್ಲಿ ಬೇಡವೆನ್ನುವುದು ಒರಟುತನ. ಬೇಡಿ ಪಡೆಯದ, ಮೊದಲೇ ಗೊತ್ತುಮಾಡಿಕೊಳ್ಳದ ಇಂಥ ಔದಾರ್ಯ ನಿಯಮಭಂಗವಲ್ಲ ಎಂಬುದೇ ನನ್ನ ಅಭಿಪ್ರಾಯ. ತೊಡಕಿರುವುದು ಬೇರೆಡೆ. ಮಜ್ಜಿಗೆಯ ಹಿಂದೆಯೇ ‘ಯಾವೂರು, ಯಾರ ಪೈಕಿ?’ ಎಂಬ ಪ್ರಶ್ನೆ ಬರುವ ಮನೆಗಳೂ ಇವೆ. ಹೆಲ್ಮೆಟ್ಟು, ಬಣ್ಣದ ಜೆರ್ಸಿ ಕಂಡು ‘ಸಾರ್’ ಎಂದು ಕುರ್ಚಿ ಹಾಕುವ ಊರು, ಗಂಟುಮೂಟೆ ಹೊತ್ತು ಗುಳೆ ಹೊರಟವನಿಗೂ ಹಾಗೆಯೇ ಕುರ್ಚಿ ಹಾಕುತ್ತದೆಯೇ? ಅಪರಿಚಿತ ದಲಿತ ಹುಡುಗನಿಗೆ ಅದೇ ಲೋಟದಲ್ಲಿ ಕೊಡುತ್ತದೆಯೇ? ದಾರಿ ಬದಿಯ ದೇವಸ್ಥಾನದ ಜಗಲಿಯ ಮೇಲೆ ನಾನು ನಿಶ್ಚಿಂತೆಯಿಂದ ಮಲಗಬಹುದು. ಒಬ್ಬಳೇ ಬಂದ ಹೆಣ್ಣುಮಗಳು ಮಲಗಬಹುದೇ? ಇಲ್ಲವೆಂದಾದರೆ ನಾನು ಪಡೆದದ್ದು ಎಲ್ಲರಿಗೂ ಸಿಗುವ ನೆರವಲ್ಲ. ನನ್ನ ಜಾತಿ, ಲಿಂಗ, ವೇಷಗಳು ನನಗಿಂತ ಮುಂಚೆ ಆ ಊರು ತಲುಪಿ ಮಾಡಿಟ್ಟ ಏರ್ಪಾಡು. ಸ್ಪರ್ಧೆಯ ನಿಯಮಪುಸ್ತಕಕ್ಕೆ ಈ ಅಡಗಿದ ಬೆಂಗಾವಲು ಕಾಣುವುದಿಲ್ಲ. ಸವಾರನಿಗೆ ಕಾಣಬೇಕು.

ಹೆಣ್ಣುಮಕ್ಕಳ ಮಾತು ಬಂದಾಗ ಇನ್ನೊಂದನ್ನು ಹೇಳಲೇಬೇಕು. ರಾಜ್ಯ ಸರ್ಕಾರ 2006-07ರಲ್ಲಿ ಎಂಟನೇ ತರಗತಿಯ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರುಮಾಡಿತು. ಪ್ರೌಢಶಾಲೆ ಮೂರು ನಾಲ್ಕು ಮೈಲಿ ದೂರವೆಂಬ ಕಾರಣಕ್ಕೆ ಓದು ಬಿಡುವ ಅಂಚಿನಲ್ಲಿದ್ದ ಹುಡುಗಿಯರು ಇಂಥ ತಾಲ್ಲೂಕುಗಳಲ್ಲಿ ಗುಂಪುಗುಂಪಾಗಿ ಪೆಡಲ್ ತುಳಿದು ಶಾಲೆ ಸೇರಿದರು. ಬಸ್ಸಿಗೆ ಕಾಯಬೇಕಿಲ್ಲ, ಅಪ್ಪನೋ ಅಣ್ಣನೋ ಬಿಟ್ಟುಬರಲೆಂದು ಕೇಳಬೇಕಿಲ್ಲ. ಈ ನಾಡಿನ ಅತಿ ದೊಡ್ಡ ಸ್ವಾವಲಂಬಿ ಸೈಕಲ್ ಯಾನ ಅದೇ ಎನ್ನುತ್ತೇನೆ. ಕೋವಿಡ್ ಕಾಲಕ್ಕೆ ಆ ವಿತರಣೆ ನಿಂತುಹೋಯಿತು. ದೂರಯಾನದ ಪದಕಕ್ಕೆ ಚಪ್ಪಾಳೆ ತಟ್ಟುವ ನಾವು ಅದರ ಬಗ್ಗೆ ಎಷ್ಟು ಮಾತಾಡಿದೆವು?

ಹಾಗಾದರೆ ಕಠಿಣ ಸವಾಲಿಗೆ ಹೊರಡಬೇಕೇ, ಬೇಡವೇ? ಖಂಡಿತ ಹೊರಡಬೇಕು. ಹೊರಡುವ ಮುನ್ನ ಕಾಲನ್ನಷ್ಟೇ ಪಳಗಿಸಿದರೆ ಸಾಲದು. ಮುಳ್ಳು ಕೀಳುವುದು, ಚೈನಿನ ತುಂಡಾದ ಕೊಂಡಿ ಸೇರಿಸುವುದು ಕಲಿತಿರಬೇಕು. ಮೈ ಬೇಡವೆಂದಾಗ ನಿಲ್ಲುವ ವಿವೇಕವಿರಬೇಕು. ರಾತ್ರಿ ದೀಪ, ಪ್ರತಿಫಲಿಸುವ ಅಂಗಿಯಿಲ್ಲದೆ ರಸ್ತೆಗೆ ಇಳಿಯಬಾರದು. ಕುದಾಪುರದ ಕಡೆ ಹೊರಟವರು ಮಾಗಿ ಕಾಲವನ್ನು ಆರಿಸಿಕೊಂಡು, ಹೆದ್ದಾರಿ ಬಿಟ್ಟು ನಾಯಕನಹಟ್ಟಿ, ತಳಕು, ಮೊಳಕಾಲ್ಮುರಿನ ನಡುವಿನ ಊರದಾರಿಗಳನ್ನು ಹಿಡಿಯುವುದು ಒಳ್ಳೆಯದು. ಅಲ್ಲಿ ಶೇಂಗಾ ಹೊಲಗಳಿವೆ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿಯ ಅಂಗಡಿಗಳಿವೆ, ಮಾತಾಡಿಸುವ ಜನರಿದ್ದಾರೆ, ಇದ್ದಕ್ಕಿದ್ದಂತೆ ಎದುರಾಗುವ ಕಾಂಪೌಂಡ್ ಗೋಡೆಗಳೂ ಇವೆ. ಗೋಡೆಯನ್ನು ಸುತ್ತಿ ಹೋಗಬೇಕಾದಾಗ ಹೆಚ್ಚಾದ ಕಿಲೋಮೀಟರನ್ನು ಸವಾರ ತನ್ನ ಒಟ್ಟು ಲೆಕ್ಕಕ್ಕೆ ಸೇರಿಸಿಕೊಂಡು ಬೀಗಬಹುದು. ಅದೇ ಸುತ್ತನ್ನು ದಿನವೂ ಸುತ್ತುವ ಕುರಿಗಾರನಿಗೆ ಅದು ನಷ್ಟದ ಲೆಕ್ಕ.

ಸವಾರರ ಸಂಘಗಳಿಗೆ ನನ್ನದೊಂದು ಬೇಡಿಕೆ. ನಿಮ್ಮ ಬಳಿ ದಾರಿಯ ಪ್ರತಿ ಮೀಟರಿನ ದಾಖಲೆ ಇರುತ್ತದೆ. ಎಲ್ಲಿ ನೀರಿತ್ತು, ಎಲ್ಲಿ ಇರಲಿಲ್ಲ, ರಸ್ತೆಯಂಚು ಎಲ್ಲಿ ಮುಗಿಯಿತು, ನಕ್ಷೆಯಲ್ಲಿದ್ದ ಬಂಡಿದಾರಿ ಎಲ್ಲಿ ಬೇಲಿಗೆ ಬಡಿದು ನಿಂತಿತು ಎಂಬುದನ್ನು ಬರೆದು ಆಯಾ ಗ್ರಾಮ ಪಂಚಾಯಿತಿಗೂ ತಾಲ್ಲೂಕು ಕಚೇರಿಗೂ ಕೊಡಿ. ಉತ್ತರ ಬರದಿದ್ದರೆ ಮುಂದಿನ ವರ್ಷ ಮತ್ತೆ ಕೊಡಿ. ನಾಯಕರ ಬೆಂಬಲಿಗರು ಕೊಡುವ ಮನವಿಗಿಂತ ಅದರ ಮಾತಿಗೆ ತೂಕ ಹೆಚ್ಚು. ಅದನ್ನು ಬರೆದವರು ಆ ದಾರಿಯನ್ನು ಬಿಸಿಲಲ್ಲಿ ಅಳೆದವರು, ತಮಗೆಂದು ಏನನ್ನೂ ಕೇಳುತ್ತಿಲ್ಲದವರು.

ಇನ್ನೊಬ್ಬರಿಗೆ ಸಿಗದ ನೆರವು ನನಗೆ ಬೇಡ ಎಂದು ನಾಲ್ಕು ದಿನ ಪಾಲಿಸುವುದು ಸುಲಭವಲ್ಲ, ಆದರೂ ಸಾಧ್ಯ. ಕಷ್ಟದ ಭಾಗ ಶುರುವಾಗುವುದು ಸೈಕಲ್ಲನ್ನು ಗೋಡೆಗೆ ಒರಗಿಸಿದ ಮೇಲೆ. ಆಗ ಆ ವಾಕ್ಯ ತಾನಾಗಿಯೇ ತಿರುಗಿ, ನನಗೆ ಸಿಕ್ಕ ನೆರವು ಇನ್ನೊಬ್ಬರಿಗೂ ಯಾಕೆ ಸಿಗುತ್ತಿಲ್ಲ ಎಂದು ಕೇಳತೊಡಗುತ್ತದೆ. ಆ ಪ್ರಶ್ನೆಗೆ ಗಡುವಿನ ಗಂಟೆಗಳಿಲ್ಲ, ಮುಗಿಸಿದವರಿಗೆ ಪದಕವೂ ಇಲ್ಲ. ಸ್ವಾವಲಂಬಿ ಎನ್ನಿಸಿಕೊಳ್ಳಬಯಸುವವರು ಹೊರಡುವ ದಿನವೇ ಅದಕ್ಕೂ ಹೆಸರು ನೋಂದಾಯಿಸಿಕೊಂಡಿರಬೇಕು.